ಸೂಜಿಗೆ ಮುಂಚಿನ ಹತ್ತು ನಿಮಿಷ

ದಾವಣಗೆರೆಯ ಕಾಲೇಜುಗಳಲ್ಲಿ ರಕ್ತದಾನ ಶಿಬಿರ ನಡೆದಾಗ ಹುಡುಗರು ಬೆಣ್ಣೆ ದೋಸೆ ತಿಂದು ಬಂದು ಸಾಲಿನಲ್ಲಿ ನಿಂತರೆ ಅಚ್ಚರಿಯೇನಿಲ್ಲ. ಹಸಿದ ಹೊಟ್ಟೆಯಲ್ಲಿ ರಕ್ತ ಕೊಡಬಾರದು ಎಂಬ ಮಾತನ್ನು ಅವರು ಪಾಲಿಸಿದ್ದಾರೆ. ಆದರೆ ಅಷ್ಟು ಬೆಣ್ಣೆ ಹೊಟ್ಟೆಗೆ ಬಿದ್ದ ಕೆಲವು ಗಂಟೆಗಳಲ್ಲಿ ರಕ್ತದ ದ್ರವಭಾಗವಾದ ಪ್ಲಾಸ್ಮಾ ತಿಳಿಹಳದಿ ಬಣ್ಣ ಕಳೆದುಕೊಂಡು ಹಾಲು ಬೆರೆಸಿದಂತೆ ಮಬ್ಬಾಗುತ್ತದೆ. ಬೆಳಕು ಹಾಯಿಸಿ ಅಳೆಯುವ ಪರೀಕ್ಷೆಗಳು ಈ ಮಬ್ಬಿನಿಂದ ದಾರಿ ತಪ್ಪಬಹುದು. ಪ್ಲಾಸ್ಮಾವನ್ನೇ ಎಸೆಯಬೇಕಾಗಿ ಬರಬಹುದು. ಊಟವಾಗಿ ಬಹಳ ಹೊತ್ತಾಗಿರಬಾರದು, ನಿಜ. ಆ ಊಟ ಇಡ್ಲಿಯಾಗಲಿ, ಒಗ್ಗರಣೆ ಮಂಡಕ್ಕಿಯಾಗಲಿ, ಜಿಡ್ಡು ಕಡಿಮೆ ಇರಲಿ. ಬೆಣ್ಣೆ ದೋಸೆಯನ್ನು ರಕ್ತ ಕೊಟ್ಟ ಮೇಲೆ ಧಾರಾಳವಾಗಿ ತಿನ್ನಬಹುದು.

ದಾನಿಯನ್ನು ಆರಿಸುವಾಗ ಇಬ್ಬರ ಕ್ಷೇಮ ನೋಡಬೇಕು: ಕೊಡುವವರದು, ಪಡೆಯುವವರದು. ಭಾರತದ ನಿಯಮದಂತೆ ವಯಸ್ಸು 18ರಿಂದ 65. ಮೊದಲ ಸಲ ಕೊಡುವವರಾದರೆ 60 ದಾಟಿರಬಾರದು. ತೂಕ ಕನಿಷ್ಠ 45 ಕೆ.ಜಿ. ಈ ಸಂಖ್ಯೆಯ ಹಿಂದೆ ಸರಳ ಲೆಕ್ಕವಿದೆ. ಒಂದು ಕೆ.ಜಿ. ತೂಕಕ್ಕೆ 8 ಮಿ.ಲೀ. ರಕ್ತ ತೆಗೆದರೆ ದೇಹ ತಡೆದುಕೊಳ್ಳುತ್ತದೆ. 45ನ್ನು 8ರಿಂದ ಗುಣಿಸಿದರೆ 360. ಹಾಗಾಗಿ 350 ಮಿ.ಲೀ.ಯ ಚೀಲ. 450 ಮಿ.ಲೀ. ತೆಗೆಯಬೇಕಾದರೆ ತೂಕ 55 ಕೆ.ಜಿ. ದಾಟಿರಬೇಕು. 42 ಕೆ.ಜಿ.ಯ ಹುಡುಗಿಯಿಂದ ಸ್ವಲ್ಪವೇ ತೆಗೆದುಕೊಳ್ಳಿ ಎಂದರೆ ಅದೂ ಆಗದು. 350 ಮಿ.ಲೀ. ಚೀಲದೊಳಗೆ ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ ದ್ರಾವಣ 49 ಮಿ.ಲೀ. ಮೊದಲೇ ತುಂಬಿರುತ್ತದೆ. ರಕ್ತ ಕಡಿಮೆ ಬಿದ್ದರೆ ಆ ಸಿಟ್ರೇಟ್ ಪ್ರಮಾಣ ಮೀರುತ್ತದೆ, ಹೆಚ್ಚು ಬಿದ್ದರೆ ಹೆಪ್ಪುಗಟ್ಟುತ್ತದೆ.

ಮುಂದಿನದು ಹಿಮೋಗ್ಲೋಬಿನ್. ಗಂಡಸಾಗಲಿ ಹೆಂಗಸಾಗಲಿ, 100 ಮಿ.ಲೀ. ರಕ್ತದಲ್ಲಿ ಕನಿಷ್ಠ 12.5 ಗ್ರಾಂ ಇರಬೇಕು. ಇದನ್ನು ನೋಡುವ ಹಳೆಯ ವಿಧಾನ ಚನ್ನಗಿರಿಯ ಅಡಿಕೆ ಬೆಳೆಗಾರರಿಗೆ ಪರಿಚಿತವಾದ ವಸ್ತುವಿನಿಂದಲೇ ನಡೆಯುತ್ತದೆ: ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಹಾಕುವ ಮೈಲುತುತ್ತ, ಅಂದರೆ ಕಾಪರ್ ಸಲ್ಫೇಟ್. ಮೈಲುತುತ್ತದ ನೀಲಿ ದ್ರಾವಣವನ್ನು 1.053 ಸಾಪೇಕ್ಷ ಸಾಂದ್ರತೆಗೆ ಹದಮಾಡಿಟ್ಟು, ಬೆರಳ ತುದಿಯ ಒಂದು ಹನಿ ರಕ್ತವನ್ನು ಸುಮಾರು ಒಂದು ಸೆಂ.ಮೀ. ಎತ್ತರದಿಂದ ಬಿಡುತ್ತಾರೆ. ಹನಿಯ ಸುತ್ತ ತಾಮ್ರ ಮತ್ತು ಪ್ರೋಟೀನಿನ ಪೊರೆಯೊಂದು ಕೂಡಲೇ ಕಟ್ಟುವುದರಿಂದ ಹನಿ 15 ಸೆಕೆಂಡು ಕರಗದೆ ಉಳಿಯುತ್ತದೆ. ಅಷ್ಟರೊಳಗೆ ಮುಳುಗಿದರೆ ರಕ್ತ ದ್ರಾವಣಕ್ಕಿಂತ ಭಾರ, ಹಿಮೋಗ್ಲೋಬಿನ್ ಸಾಕಷ್ಟಿದೆ ಎಂದರ್ಥ.

ಇಷ್ಟು ಸರಳ ಪರೀಕ್ಷೆ ಎಷ್ಟು ಬಗೆಯಲ್ಲಿ ಕೆಡುತ್ತದೆ ನೋಡಿ. ರಕ್ತ ಬರಲಿಲ್ಲವೆಂದು ಬೆರಳು ಹಿಂಡಿದರೆ ಮಾಂಸದೊಳಗಿನ ನೀರು ಬೆರೆತು ಹನಿ ತೆಳುವಾಗುತ್ತದೆ. ಹನಿಯೊಳಗೆ ಗಾಳಿಗುಳ್ಳೆ ಸೇರಿದರೆ ಒಳ್ಳೆಯ ರಕ್ತವೂ ತೇಲುತ್ತದೆ. ಏಪ್ರಿಲ್ ಬಿಸಿಲಲ್ಲಿ ಶಾಮಿಯಾನದ ಕೆಳಗೆ ಮುಚ್ಚಳವಿಲ್ಲದೆ ಇಟ್ಟ ದ್ರಾವಣದಿಂದ ನೀರು ಆರಿಹೋಗಿ ಸಾಂದ್ರತೆ ಏರುತ್ತದೆ. ಮಧ್ಯಾಹ್ನದ ಹೊತ್ತಿಗೆ ಆರೋಗ್ಯವಂತರ ಹನಿಯೂ ತೇಲಿ, ಅವರು ಸುಮ್ಮನೆ ವಾಪಸಾಗುತ್ತಾರೆ. 30 ಮಿ.ಲೀ. ದ್ರಾವಣದಲ್ಲಿ ಸುಮಾರು 25 ಹನಿ ನೋಡಬಹುದು, ಆಮೇಲೆ ಚೆಲ್ಲಿ ಹೊಸದು ಹಾಕಬೇಕು. ಹನಿ ತೇಲಿದವರನ್ನು ಅಷ್ಟಕ್ಕೇ ಕಳಿಸದೆ ಯಂತ್ರದಲ್ಲಿ ಇನ್ನೊಮ್ಮೆ ನೋಡುವುದೇ ಸರಿಯಾದ ಕ್ರಮ.

ನಾಡಿ ನಿಮಿಷಕ್ಕೆ 60ರಿಂದ 100, ಬಿಪಿ ಮೇಲಿನದು 100ರಿಂದ 140, ಕೆಳಗಿನದು 60ರಿಂದ 90. ಮೆಟ್ಟಿಲು ಹತ್ತಿ ಬಂದವರ ನಾಡಿ ಕುಣಿಯುತ್ತಿದ್ದರೆ ಹತ್ತು ನಿಮಿಷ ಕೂರಿಸಿ ಮತ್ತೆ ನೋಡಬೇಕು. ನಿದ್ದೆಯ ಪ್ರಶ್ನೆ ಈ ಊರಿನಲ್ಲಿ ಬಹಳ ಮುಖ್ಯ. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ರಾತ್ರಿಯಿಡೀ ಲಾರಿ ಓಡಿಸಿದವರು, ಮಿಲ್ಲಿನಲ್ಲಿ ರಾತ್ರಿ ಪಾಳಿ ಮುಗಿಸಿದವರು ಸೀದಾ ಶಿಬಿರಕ್ಕೆ ಬಂದರೆ ತಲೆಸುತ್ತಿ ಬೀಳುವ ಸಾಧ್ಯತೆ ಹೆಚ್ಚು. ಮೈಬಗ್ಗಿಸಿ ದುಡಿಯುವವರು, ಚಾಲಕರು ಮುಂದಿನ ಪಾಳಿಗೆ 24 ಗಂಟೆ ಬಿಡುವಿರುವಂತೆ ನೋಡಿಕೊಂಡು ಕೊಡಬೇಕು. ಮಂಡಕ್ಕಿ ಭಟ್ಟಿಯ ಬೆಂಕಿಯ ಮುಂದೆ ಬೆವರು ಹರಿಸಿ ಬಂದವರಿಗೆ ಮೊದಲು ಅರ್ಧ ಲೀಟರ್ ನೀರು ಕುಡಿಸಬೇಕು. ಸೋಮವಾರದ ಉಪವಾಸ, ಏಕಾದಶಿ ಹಿಡಿದವರಿಗೆ ಬೇರೆ ದಿನ ಬನ್ನಿ ಎನ್ನುವುದೇ ಒಳ್ಳೆಯದು.

ಇಲ್ಲಿಯವರೆಗಿನದು ಅಳತೆ. ನಿಜವಾದ ಸೋಸುವಿಕೆ ನಡೆಯುವುದು ಪ್ರಶ್ನೆಗಳಲ್ಲಿ. ತೆಗೆದ ಪ್ರತಿ ಚೀಲವನ್ನೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಎಂಬ ಐದಕ್ಕೆ ಪರೀಕ್ಷಿಸುವುದು ಕಡ್ಡಾಯ. ಹಾಗಿದ್ದ ಮೇಲೆ ಇಷ್ಟೆಲ್ಲ ಕೇಳುವುದೇಕೆ ಎಂದು ದಾನಿಗಳು ಮುಖ ಸಿಂಡರಿಸುವುದುಂಟು. ವೈರಾಣು ದೇಹ ಹೊಕ್ಕ ಮೊದಲ ಕೆಲವು ದಿನ ಯಾವ ಪರೀಕ್ಷೆಗೂ ಸಿಕ್ಕುವುದಿಲ್ಲ. ಎಚ್‌ಐವಿ ಎಲಿಸಾ ಎಂಬ ರಕ್ತಪರೀಕ್ಷೆಗೆ ಸಿಕ್ಕಲು ಎರಡು ಮೂರು ವಾರ ಬೇಕು. ವೈರಾಣುವಿನ ಆನುವಂಶಿಕ ತುಣುಕನ್ನೇ ಹುಡುಕುವ ನ್ಯಾಟ್ ಪರೀಕ್ಷೆ ಅದನ್ನು ಸುಮಾರು 11 ದಿನಕ್ಕೆ ಇಳಿಸುತ್ತದೆ, ಸೊನ್ನೆಗಲ್ಲ. ಆ ಸಂದಿನಲ್ಲಿ ರಕ್ತ ಕೊಟ್ಟವರ ಚೀಲ ಶುದ್ಧವೆಂದೇ ಮುದ್ರೆ ಬೀಳುತ್ತದೆ. ಚೀಲವನ್ನು ಕೆಂಪುಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ ಎಂದು ಬೇರ್ಪಡಿಸಿದರೆ ಅದು ಮೂವರು ರೋಗಿಗಳಿಗೆ ಹೋಗುತ್ತದೆ. ಆ ಸಂದನ್ನು ಮುಚ್ಚಬಲ್ಲದ್ದು ದಾನಿಯ ನಿಜವಾದ ಉತ್ತರವೊಂದೇ.

ಹಾಗಾಗಿಯೇ ದುಗ್ಗಮ್ಮನ ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಂಡವರು, ಕಿವಿ ಮೂಗು ಚುಚ್ಚಿಸಿಕೊಂಡವರು 12 ತಿಂಗಳು ಕಾಯಬೇಕು. ಡೆಂಗಿ, ಚಿಕೂನ್‌ಗುನ್ಯಾ ವಾಸಿಯಾದ ಮೇಲೆ 6 ತಿಂಗಳು, ಮಲೇರಿಯಾಕ್ಕೆ 3 ತಿಂಗಳು, ಟೈಫಾಯ್ಡ್‌ಗೆ 12 ತಿಂಗಳು. ನಾಯಿ ಕಚ್ಚಿ ಚುಚ್ಚುಮದ್ದು ತೆಗೆದುಕೊಂಡಿದ್ದರೆ ಒಂದು ವರ್ಷ. ಹೆರಿಗೆಯಾಗಿ ವರ್ಷವಾಗಿರಬೇಕು, ಹಾಲುಣಿಸುತ್ತಿರಬಾರದು. ಆಸ್ಪಿರಿನ್ ನುಂಗಿ ಮೂರು ದಿನ ಆಗಿರದಿದ್ದರೆ ಪ್ಲೇಟ್‌ಲೆಟ್ ಕೆಲಸಕ್ಕೆ ಬಾರದು. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ನಾಲ್ಕು ವಾರದಿಂದ ಔಷಧಿಯ ಪ್ರಮಾಣ ಬದಲಾಗದಿದ್ದರೆ ಕೊಡಬಹುದು, ಇನ್ಸುಲಿನ್ ಚುಚ್ಚಿಕೊಳ್ಳುವವರು ಕೊಡುವಂತಿಲ್ಲ. ಗಂಡಸರಿಗೆ ಒಂದು ದಾನದಿಂದ ಇನ್ನೊಂದಕ್ಕೆ 90 ದಿನ, ಹೆಂಗಸರಿಗೆ 120.

ಲೈಂಗಿಕ ಜೀವನದ ಪ್ರಶ್ನೆ ಬಂದಾಗ ಶಿಬಿರದ ಗದ್ದಲದಲ್ಲಿ, ಗೆಳೆಯರ ಎದುರು ಯಾರೂ ನಿಜ ಹೇಳುವುದಿಲ್ಲ. ಪರದೆ ಕಟ್ಟಿದ ಮೂಲೆಯಾದರೂ ಬೇಕು, ಅರ್ಜಿ ಕನ್ನಡದಲ್ಲಿರಬೇಕು, ಓದಲು ಬಾರದವರಿಗೆ ಓದಿ ಹೇಳಬೇಕು. ಎಲ್ಲಕ್ಕೂ ‘ಇಲ್ಲ’ ಎಂದು ಸಿಬ್ಬಂದಿಯೇ ಗೀಟು ಹಾಕಿ ಸಹಿ ಹಾಕಿಸುವುದು ಈ ಕೆಲಸದಲ್ಲಿ ಆಗಬಹುದಾದ ಅತಿ ದೊಡ್ಡ ತಪ್ಪು. ಸಂಬಂಧಿಕರ ಪಾಡು ಇನ್ನೂ ಕಷ್ಟ. ಒಳಗೆ ಅಕ್ಕನಿಗೆ ಆಪರೇಷನ್, ಹೊರಗೆ ಮಾವಂದಿರೆಲ್ಲ ನಿಂತು ‘ನೀನೇ ಕೊಡಪ್ಪ’ ಎನ್ನುವಾಗ ತಮ್ಮನಾದವನು ತನ್ನ ಗುಟ್ಟನ್ನು ಹೇಗೆ ಬಿಡಿಸಿ ಹೇಳಿಯಾನು? ಅವನಿಗೆ ‘ಬಿಪಿ ಸರಿಯಿಲ್ಲ’ ಎಂಬ ನೆಪ ಕೊಟ್ಟು ಮರ್ಯಾದೆ ಉಳಿಸಿ ಕಳಿಸುವ ವೈದ್ಯರು ಇಬ್ಬರನ್ನೂ ಕಾಪಾಡುತ್ತಾರೆ. ದುಡ್ಡಿಗಾಗಿ ರಕ್ತ ಕೊಡುವವರನ್ನು ಸುಪ್ರೀಂ ಕೋರ್ಟಿನ 1996ರ ತೀರ್ಪಿನಂತೆ 1998ರ ಜನವರಿ 1ರಿಂದ ನಿಷೇಧಿಸಿದ್ದೂ ಇದೇ ಕಾರಣಕ್ಕೆ: ನಿಜ ಹೇಳಿದರೆ ಅವರ ಕೂಲಿ ತಪ್ಪುತ್ತಿತ್ತು. ಪುಕ್ಕಟೆ ಎಚ್‌ಐವಿ ಪರೀಕ್ಷೆ ಆದೀತು ಎಂದು ರಕ್ತ ಕೊಡಲು ಬರುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಎಂಬ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ ಆ ಪರೀಕ್ಷೆ ಉಚಿತ, ಗುಟ್ಟೂ ಹೊರಬೀಳುವುದಿಲ್ಲ.

ಹಿಮೋಗ್ಲೋಬಿನ್ 11 ಇದ್ದ ಹುಡುಗಿಗೆ ‘ನಿಮ್ಮದು ಆಗಲ್ಲಮ್ಮ, ಮುಂದೆ’ ಎಂದರೆ ಅವಳು ಮತ್ತೆ ಯಾವ ಶಿಬಿರಕ್ಕೂ ಬರುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಎಷ್ಟೋ ಹುಡುಗಿಯರಿಗೆ ಅದು ಮೊದಲು ಗೊತ್ತಾಗುವುದು ಈ ಸಾಲಿನಲ್ಲೇ ಇರಬಹುದು. ಅವಳನ್ನು ಪಕ್ಕಕ್ಕೆ ಕೂರಿಸಿ, ಬಂದ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು, ಅದನ್ನು ಹಿಡಿದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣಲು, ಕಬ್ಬಿಣಾಂಶದ ಮಾತ್ರೆಯನ್ನು ಕಾಫಿ ಟೀ ಜೊತೆ ನುಂಗದಿರಲು ಹೇಳಿ, ಮತ್ತೆ ಬರಬೇಕಾದ ತಾರೀಖನ್ನೂ ಅದೇ ಚೀಟಿಯಲ್ಲಿ ಬರೆದುಕೊಡಬೇಕು.