ಅಡಿಕೆ ಹಾಳೆಯಿಂದ ವಿಮಾನದ ಊಟದ ಗಾಡಿ ಮಾಡಬಾರದೇಕೆ?

ಪ್ರಶ್ನೆ: ವಿಮಾನದಲ್ಲಿ ಊಟ ಹಂಚಲು ತರುವ ಅಲ್ಯೂಮಿನಿಯಂ ಗಾಡಿ ಅಷ್ಟೊಂದು ಭಾರ ಏಕೆ? ಬಿದಿರು, ರಟ್ಟು, ಅಡಿಕೆ ಹಾಳೆಯಂಥ ವಸ್ತುಗಳಿಂದ ಮಾಡಿದರೆ ಹಗುರವೂ ಆಗುತ್ತದೆ, ಹಳೆಯದಾದ ಮೇಲೆ ಮಣ್ಣಿನಲ್ಲಿ ಕರಗಿಯೂ ಹೋಗುತ್ತದೆ. ಎಂಜಿನಿಯರ್‌ಗಳಿಗೆ ಇದು ಹೊಳೆದಿಲ್ಲವೇ?

ಹೊಳೆದಿದೆ. ಈ ಪ್ರಶ್ನೆಗೆ ನಾನು ತರಗತಿಯಲ್ಲಿ, ಪತ್ರಗಳಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಕುಳಿತು ಕೂಡ ಉತ್ತರ ಹೇಳಿದ್ದೇನೆ. ಪ್ರತಿ ಸಲವೂ ಅರ್ಧ ಉತ್ತರ ಹೇಳುವಷ್ಟರಲ್ಲಿ ಮಾತು ಬೇರೆಡೆಗೆ ಹೋಗುತ್ತದೆ, ಮುಂದಿನ ತಿಂಗಳು ಅದೇ ಪ್ರಶ್ನೆ ಮತ್ತೆ ಬರುತ್ತದೆ. ಈ ಬಾರಿ ಪೂರ್ತಿ ಬರೆದುಬಿಡುತ್ತೇನೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕೊಡುವುದು.

ಮೊದಲು ತೂಕದ ವಿಷಯ, ಏಕೆಂದರೆ ಪ್ರಶ್ನೆಯಲ್ಲಿ ಸರಿಯಾಗಿರುವುದು ಅದೊಂದೇ. ಪೂರ್ಣ ಅಳತೆಯ ಖಾಲಿ ಗಾಡಿ ಸುಮಾರು 20 ಕಿಲೋ ತೂಗುತ್ತದೆ. ಹಳೆಯ ಮಾದರಿಗಳು ಇನ್ನೂ ಭಾರ. ವಿಮಾನದಲ್ಲಿ ಹೊತ್ತೊಯ್ಯುವ ಪ್ರತಿ ಕಿಲೋಗೂ ಬಾಡಿಗೆ ಇದೆ. ಒಂದು ಗಂಟೆ ಹಾರಾಟಕ್ಕೆ ಆ ತೂಕದ ಸುಮಾರು ಶೇಕಡಾ 3ರಷ್ಟು ಇಂಧನ ಹೆಚ್ಚಾಗಿ ಉರಿಯುತ್ತದೆ ಎಂಬುದು ಈ ಕೆಲಸದಲ್ಲಿರುವವರ ಕೈಲೆಕ್ಕ. ಒಂದು ವಿಮಾನದಲ್ಲಿ ಆರು ಗಾಡಿಗಳಿವೆ, ಒಂದೊಂದರಿಂದ 5 ಕಿಲೋ ಇಳಿಸಿದೆವು, ವಿಮಾನ ವರ್ಷಕ್ಕೆ 3,000 ಗಂಟೆ ಹಾರಿತು ಎಂದುಕೊಳ್ಳಿ. ಇಳಿದ 30 ಕಿಲೋಗೆ ಗಂಟೆಗೆ 900 ಗ್ರಾಂ, ವರ್ಷಕ್ಕೆ 2,700 ಕಿಲೋ ಇಂಧನ ಉಳಿಯಿತು. ಒಂದು ಕಿಲೋ ವಿಮಾನ ಇಂಧನ ಉರಿದರೆ 3.16 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅಂದರೆ ಒಂದೇ ವಿಮಾನದಿಂದ, ಒಂದೇ ವರ್ಷದಲ್ಲಿ ಎಂಟೂವರೆ ಟನ್ ಕಡಿಮೆ. ಎಪ್ಪತ್ತು ಟನ್ ತೂಗುವ ವಿಮಾನಕ್ಕೆ ಐದು ಕಿಲೋ ಯಾವ ಲೆಕ್ಕ ಎನ್ನುವವರು ಈ ಗುಣಾಕಾರವನ್ನು ಒಮ್ಮೆ ತಾವೇ ಮಾಡಿ ನೋಡಲಿ.

ಹಾಗಿದ್ದರೆ ಗಾಡಿಯನ್ನು ಚಿಕ್ಕದು ಮಾಡಬಹುದಲ್ಲ? ಆಗದು. ಅದರ ಹೊರ ಅಳತೆ ನಮ್ಮ ಕೈಯಲ್ಲಿಲ್ಲ. 1960ರ ದಶಕದ ಕೊನೆಯಲ್ಲಿ ದೊಡ್ಡ ಜಂಬೋ ವಿಮಾನಗಳು ಬರುವ ಹೊತ್ತಿಗೆ ಯುರೋಪಿನ ಕಂಪನಿಗಳು ಎರಡು ಕೂಟ ಕಟ್ಟಿಕೊಂಡವು. ಏರ್ ಫ್ರಾನ್ಸ್, ಲುಫ್ತಾನ್ಸಾ, ಅಲಿಟಾಲಿಯಾ, ಸಬೇನಾ ಸೇರಿದ್ದು ಅಟ್ಲಾಸ್. ಕೆಎಲ್ಎಂ, ಎಸ್ಎಎಸ್, ಸ್ವಿಸ್‌ಏರ್, ಯುಟಿಎ ಸೇರಿದ್ದು ಕೆಎಸ್ಎಸ್‌ಯು. ಗಾಡಿಗಳ ಅಳತೆಗೆ ಇಂದಿಗೂ ಇವೇ ಹೆಸರುಗಳು. ಸಬೇನಾ, ಸ್ವಿಸ್‌ಏರ್, ಯುಟಿಎ, ಅಲಿಟಾಲಿಯಾ ನಾಲ್ಕೂ ಈಗ ಇಲ್ಲ. ಅವು ಒಪ್ಪಿಕೊಂಡ ಪೆಟ್ಟಿಗೆಯ ಅಳತೆ ಮಾತ್ರ ಉಳಿದಿದೆ. ಅಟ್ಲಾಸ್ ಗಾಡಿ 30 ಸೆಂಟಿಮೀಟರ್ ಅಗಲ, 81 ಉದ್ದ, 103 ಎತ್ತರ. ವಿಮಾನದ ಅಡುಗೆ ಕಟ್ಟೆಯಲ್ಲಿ ಅದಕ್ಕೆಂದೇ ಗೂಡುಗಳಿವೆ. ಸೀಟುಗಳ ನಡುವಿನ ಓಣಿ ನೆಲಮಟ್ಟದಲ್ಲಿ 38 ಸೆಂಟಿಮೀಟರ್‌ಗಿಂತ ಕಿರಿದಾಗಬಾರದು ಎಂದು ನಿಯಮವಿದೆ. ಇತ್ತ ನಾಲ್ಕು, ಅತ್ತ ನಾಲ್ಕು ಸೆಂಟಿಮೀಟರ್ ಬಿಟ್ಟುಕೊಂಡು ಗಾಡಿ ಸಾಗುತ್ತದೆ. ನಿಮ್ಮ ಮೊಣಕೈಗೆ ಅದು ತಾಗುವುದು ಇದೇ ಕಾರಣಕ್ಕೆ.

ಈಗ ಅಡಿಕೆ ಹಾಳೆಗೆ ಬರುತ್ತೇನೆ. ನನಗೆ ಹಾಳೆಯ ಮೇಲೆ ಯಾವ ಕೋಪವೂ ಇಲ್ಲ. ಹಾಳೆ ತಟ್ಟೆಯಲ್ಲಿ ಉಂಡು ಬೆಳೆದವನು ನಾನು. ನನ್ನ ತಕರಾರು ಇರುವುದು ಒಂದು ನಂಬಿಕೆಯ ಜೊತೆ: ಮಣ್ಣಿನಲ್ಲಿ ಕರಗುವುದೇ ಮರುಬಳಕೆ ಎಂಬ ನಂಬಿಕೆ. ಇದು ಕಳೆ ಇದ್ದ ಹಾಗೆ, ಎಷ್ಟು ಕಿತ್ತರೂ ಮತ್ತೆ ಚಿಗುರುತ್ತದೆ.

ಗಾಡಿಯ ಒಂದು ದಿನವನ್ನೇ ನೋಡಿ. ಬೆಳಗ್ಗೆ ಅದರ ಮೇಲಿನ ಅರೆಯಲ್ಲಿ ಊಟ ತಂಪಾಗಿರಲೆಂದು ಡ್ರೈ ಐಸ್, ಅಂದರೆ ಹೆಪ್ಪುಗಟ್ಟಿಸಿದ ಇಂಗಾಲದ ಡೈಆಕ್ಸೈಡ್, ಇಡುತ್ತಾರೆ. ಅದರ ಉಷ್ಣತೆ ಸೊನ್ನೆಗಿಂತ 78 ಡಿಗ್ರಿ ಕೆಳಗೆ. ಊಟ ಹಂಚಿ ಮುಗಿದ ಮೇಲೆ ಅದೇ ಗಾಡಿಯೊಳಗೆ ಎಂಜಲು, ಕಾಗದ, ಚೆಲ್ಲಿದ ಸಾರು ಎಲ್ಲವೂ ವಾಪಸಾಗುತ್ತವೆ. ಇಳಿದ ಮೇಲೆ ಊಟ ಸಿದ್ಧಪಡಿಸುವ ಘಟಕಕ್ಕೆ ಹೋಗಿ, ದೊಡ್ಡ ತೊಳೆಯುವ ಯಂತ್ರದಲ್ಲಿ ಬಿಸಿನೀರು ಮತ್ತು ಸಾಬೂನಿನ ಹೊಡೆತ ತಿಂದು ಹೊರಬಂದು, ಒಣಗಿ, ಮತ್ತೆ ತುಂಬಿಕೊಳ್ಳುತ್ತದೆ. ಇದು ಒಂದು ದಿನದ ಕಥೆ. ಗಾಡಿ ಇಂಥ ಬಾಳನ್ನು ವರ್ಷಗಟ್ಟಲೆ ಬಾಳಬೇಕು. ರಟ್ಟು ಮೊದಲ ತೊಳೆತಕ್ಕೇ ಮುದ್ದೆಯಾಗುತ್ತದೆ. ಹಾಳೆ ಎರಡು ದಿನದಲ್ಲಿ ಬೂಸಲು ಹಿಡಿಯುತ್ತದೆ.

ಅದಕ್ಕಿಂತ ದೊಡ್ಡದು ಬೆಂಕಿಯ ಪ್ರಶ್ನೆ. 1973ರ ಜುಲೈ 11ರಂದು ವಾರಿಗ್ ಕಂಪನಿಯ ವಿಮಾನವೊಂದು ಪ್ಯಾರಿಸ್‌ನ ಓರ್ಲಿ ನಿಲ್ದಾಣದ ಹತ್ತಿರ ಹೊಲದಲ್ಲಿ ಇಳಿಯಬೇಕಾಯಿತು. ಹಿಂಭಾಗದ ಶೌಚಾಲಯದಲ್ಲಿ ಹೊತ್ತಿಕೊಂಡ ಬೆಂಕಿಯ ಹೊಗೆ ವಿಮಾನವನ್ನೆಲ್ಲ ತುಂಬಿತ್ತು. 123 ಜನ ತೀರಿಕೊಂಡರು. ಕಸದ ಬುಟ್ಟಿಗೆ ಬಿದ್ದ ಸಿಗರೇಟೇ ಕಾರಣವಿರಬೇಕು ಎನ್ನಲಾಯಿತು. ವಿಮಾನದೊಳಗೆ ಉರಿಯುವ ಕಸ ಹಾಕುವ ಯಾವುದೇ ಪೆಟ್ಟಿಗೆ ಪೂರ್ತಿ ಮುಚ್ಚಿರಬೇಕು, ಒಳಗೆ ಬೆಂಕಿ ಹೊತ್ತಿದರೆ ಅದನ್ನು ಒಳಗೇ ಹಿಡಿದಿಡಬೇಕು ಎಂದು ಇಂದಿನ ನಿಯಮ ಹೇಳುವುದನ್ನು ಓದುವಾಗಲೆಲ್ಲ ನನಗೆ ಆ ಹೊಲ ನೆನಪಾಗುತ್ತದೆ. ಊಟ ಮುಗಿದ ಮೇಲೆ ಕಸ ತುಂಬಿಕೊಳ್ಳುವ ಗಾಡಿಯೂ ಇಂಥದೇ ಪೆಟ್ಟಿಗೆ. ಇದರ ಜೊತೆಗೆ, ವಿಮಾನ ಅಪಘಾತದಲ್ಲಿ ನೆಲಕ್ಕೆ ಬಡಿದಾಗ ಗೂಡಿನಲ್ಲಿರುವ ಗಾಡಿ ತನ್ನ ತೂಕದ ಒಂಬತ್ತು ಪಟ್ಟು ಬಲದಿಂದ ಮುಂದಕ್ಕೆ ನುಗ್ಗಿದರೂ ಒಳಗಿನದನ್ನು ಹೊರಚೆಲ್ಲಬಾರದು. ತುಂಬಿದ ಗಾಡಿ 80 ಕಿಲೋ ಇದ್ದರೆ 720 ಕಿಲೋ ಭಾರ ಬಾಗಿಲ ಚಿಲಕದ ಮೇಲೆ ಒರಗಿದಂತೆ.

ಇಲ್ಲಿ ಜಾಣ ವಿದ್ಯಾರ್ಥಿಯೊಬ್ಬ ಎದ್ದು ನಿಲ್ಲುತ್ತಾನೆ, ಪ್ರತಿ ವರ್ಷವೂ. ‘ಸರ್, ಬಿದಿರಿಗೆ ರಾಳ ಹಾಕಿ ಗಟ್ಟಿ ಮಾಡಬಹುದಲ್ಲ, ಬೆಂಕಿ ತಡೆಯುವ ರಾಸಾಯನಿಕ ಸೇರಿಸಬಹುದಲ್ಲ?’ ಸೇರಿಸಬಹುದು. ನೀರು ಕುಡಿಯದಂತೆ ರಾಳ, ಉರಿಯದಂತೆ ರಾಸಾಯನಿಕ, ಬೂಸಲು ಹಿಡಿಯದಂತೆ ಇನ್ನೊಂದು ಲೇಪ. ಆದರೆ ಇಷ್ಟೆಲ್ಲ ಮಾಡಿದ ಮೇಲೆ ಕೈಯಲ್ಲಿರುವುದು ಬಿದಿರಲ್ಲ. ನೀರು, ಬೆಂಕಿ, ಬೂಸಲು ಇವುಗಳನ್ನು ತಡೆಯುವ ಗುಣ ತುಂಬಿದೆವೆಂದರೆ ಮಣ್ಣಿನಲ್ಲಿ ಕರಗುವ ಗುಣವನ್ನು ಕಿತ್ತುಹಾಕಿದೆವು ಎಂದೇ ಅರ್ಥ. ಕರಗುವುದೆಂದರೆ ನೀರು ಒಳಹೊಕ್ಕು ಬೂಸಲು ತಿನ್ನುವುದೇ ತಾನೆ! ಹತ್ತು ವರ್ಷ ಬಾಳಬೇಕು, ಹನ್ನೊಂದನೆಯ ವರ್ಷ ತಾನಾಗಿ ಕರಗಬೇಕು ಎಂದು ಒಂದೇ ವಸ್ತುವನ್ನು ಕೇಳುವುದು ನ್ಯಾಯವಲ್ಲ.

ಅಲ್ಯೂಮಿನಿಯಂ ಮಣ್ಣಿನಲ್ಲಿ ಕರಗುವುದಿಲ್ಲ, ಕರಗಬೇಕಾಗಿಯೂ ಇಲ್ಲ. ಅದು ಕುಲುಮೆಯಲ್ಲಿ 660 ಡಿಗ್ರಿಗೆ ಕರಗಿ ಮತ್ತೆ ಅಲ್ಯೂಮಿನಿಯಂ ಆಗುತ್ತದೆ. ಅದಿರಿನಿಂದ ಒಂದು ಕಿಲೋ ಲೋಹ ತೆಗೆಯಲು ಕರಗಿಸುವ ಹಂತವೊಂದಕ್ಕೇ ಸುಮಾರು 14 ಯೂನಿಟ್ ವಿದ್ಯುತ್ ಬೇಕು. ಹಳೆಯ ಲೋಹದಿಂದ ಹೊಸದನ್ನು ಮಾಡಲು ಬೇಕಾಗುವ ಶಕ್ತಿ ಅದಿರಿನಿಂದ ಮಾಡುವುದರ ಶೇಕಡಾ 5ರಷ್ಟು ಮಾತ್ರ. ಮರುಬಳಕೆ ಎಂದರೆ ಇದು. ವಸ್ತು ಕಣ್ಮರೆಯಾಗುವುದಲ್ಲ, ವಾಪಸು ಬರುವುದು.

ಆದರೆ ಲೋಹದ ಗಾಡಿ ತಾನಾಗಿಯೇ ಮರುಬಳಕೆಯಾಗುತ್ತದೆ ಎಂದುಕೊಂಡರೆ ಅದೂ ತಪ್ಪು. ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳು ಗುಜರಿಯಿಂದ ಹಳೆಯ ಗಾಡಿಯೊಂದನ್ನು ಕೊಂಡು ತಂದರು. ಒಂದು ಶನಿವಾರ ಪೂರ್ತಿ ಅದನ್ನು ಬಿಚ್ಚಿದೆವು. ಪಕ್ಕದ ಹಲಗೆ ನೋಡಲು ಒಂದೇ ತಗಡಿನಂತಿತ್ತು. ಉಳಿಯಿಂದ ಎಬ್ಬಿಸಿದಾಗ ಎರಡು ತಗಡುಗಳ ನಡುವೆ ಹಳದಿ ಫೋಮ್ ಅಂಟಿಕೊಂಡಿತ್ತು. ಅದು ಎಷ್ಟು ಬಿಗಿಯಾಗಿ ಅಂಟಿತ್ತೆಂದರೆ, ಉಜ್ಜಿದಷ್ಟೂ ಪುಡಿಯಾಗುತ್ತಿತ್ತೇ ಹೊರತು ಬಿಡುತ್ತಿರಲಿಲ್ಲ. ಮೂಲೆಗಳಲ್ಲಿ ಉಕ್ಕಿನ ರಿವೆಟ್, ಕೆಳಗೆ ಉಕ್ಕಿನ ತಟ್ಟೆ, ರಬ್ಬರಿನ ಗಾಲಿ, ಬಾಗಿಲಿನ ಅಂಚಿಗೆ ಪ್ಲಾಸ್ಟಿಕ್. ಸಂಜೆ ಆ ಚೂರುಗಳನ್ನೆಲ್ಲ ಅದೇ ಗುಜರಿ ಅಂಗಡಿಗೆ ತೆಗೆದುಕೊಂಡು ಹೋದೆವು. ಅಂಗಡಿಯ ಯಜಮಾನರು ಅಯಸ್ಕಾಂತವನ್ನು ಒಂದೊಂದರ ಮೇಲೂ ಆಡಿಸಿದರು. ಅದು ಟಕ್ಕೆಂದು ಕಚ್ಚಿಕೊಂಡದ್ದನ್ನೆಲ್ಲ ಒಂದು ಕಡೆ ಎಸೆದರು. ಫೋಮ್ ಅಂಟಿದ್ದನ್ನು ಕೈಯಲ್ಲಿ ಎತ್ತಿ ನೋಡಿ, ‘ಇದನ್ನು ಯಾರೂ ತೆಗೆದುಕೊಳ್ಳುವುದಿಲ್ಲ ಮೇಷ್ಟ್ರೇ’ ಎಂದರು. ಶುದ್ಧ ತಗಡಿಗೆ ಒಂದು ದರ, ಕಬ್ಬಿಣ ಕೂಡಿದ್ದಕ್ಕೆ ಅದಕ್ಕಿಂತ ಬಹಳ ಕಡಿಮೆ, ಫೋಮ್‌ನದ್ದಕ್ಕೆ ಏನೂ ಇಲ್ಲ. ವಸ್ತು ಯಾವುದು ಎಂಬುದಷ್ಟೇ ಮುಖ್ಯವಲ್ಲ, ಅದನ್ನು ಇನ್ನೊಂದಕ್ಕೆ ಹೇಗೆ ಸೇರಿಸಿದ್ದಾರೆ ಎಂಬುದೇ ಮರುಬಳಕೆಯನ್ನು ತೀರ್ಮಾನಿಸುತ್ತದೆ ಎಂದು ನಾನು ಒಂದು ಸೆಮಿಸ್ಟರ್ ಪೂರ್ತಿ ಹೇಳುವುದನ್ನು ಅವರು ಐದು ನಿಮಿಷದಲ್ಲಿ ತೋರಿಸಿದರು.

ಕಾರ್ಬನ್ ಫೈಬರ್ ಹೇಗೆ ಎಂದು ಕೇಳುವವರೂ ಇದ್ದಾರೆ. ಅದು ನಿಜಕ್ಕೂ ಹಗುರ. ನಾರು ಮತ್ತು ರಾಳದ ಇಂಥ ಮಿಶ್ರವಸ್ತುಗಳ ಗಾಡಿಗಳು ಬಂದಿವೆ, 15 ಕಿಲೋ ಆಸುಪಾಸು ತೂಗುತ್ತವೆ. ಇಂಧನದ ಲೆಕ್ಕದಲ್ಲಿ ಅವು ಗೆಲ್ಲುತ್ತವೆ ಎಂದು ಒಪ್ಪಿಕೊಳ್ಳದಿದ್ದರೆ ನಾನು ಮೇಲೆ ಮಾಡಿದ ಗುಣಾಕಾರಕ್ಕೇ ಮೋಸ ಮಾಡಿದಂತಾಗುತ್ತದೆ. ಆದರೆ ರಾಳದಲ್ಲಿ ಎರಡು ಜಾತಿ. ಒಂದು ಬೆಲ್ಲದ ಅಚ್ಚಿನಂತೆ: ಕಾಯಿಸಿದರೆ ಮತ್ತೆ ಕರಗುತ್ತದೆ, ಮತ್ತೆ ಎರಕ ಹೊಯ್ಯಬಹುದು. ಇನ್ನೊಂದು ಸುಟ್ಟ ಇಟ್ಟಿಗೆಯಂತೆ: ಒಮ್ಮೆ ಗಟ್ಟಿಯಾದರೆ ಮುಗಿಯಿತು, ಹಸಿ ಮಣ್ಣಾಗಿ ತಿರುಗುವುದಿಲ್ಲ. ವಿಮಾನದ ಒಳಭಾಗಗಳಲ್ಲಿ ಹೊಗೆ ಕಡಿಮೆ ಬರುತ್ತದೆಂದು ಬಹುಕಾಲದಿಂದ ಬಳಸುತ್ತಿರುವ ಫಿನಾಲಿಕ್ ರಾಳ ಎರಡನೆಯ ಜಾತಿಯದು. ಮೊದಲ ಜಾತಿಯಲ್ಲೂ ಬೆಂಕಿಯ ಪರೀಕ್ಷೆ ದಾಟುವ ರಾಳಗಳಿವೆ, ದುಬಾರಿ. ಹಗುರವಾದ ಗಾಡಿ ಬೇಕೆಂದರೆ ಆ ದಾರಿಯಲ್ಲಿ ಹುಡುಕಬೇಕು, ಅಥವಾ ಅಲ್ಯೂಮಿನಿಯಂ ಅನ್ನೇ ತೆಳ್ಳಗೆ ಮಾಡಿ ಮಡಿಕೆಗಳಿಂದ ಬಲ ಕೊಡಬೇಕು. ಕಾಗದದ ಹಾಳೆಯನ್ನು ಬೀಸಣಿಗೆಯಂತೆ ಮಡಿಚಿ ಅದರ ಮೇಲೆ ಪುಸ್ತಕ ಇಟ್ಟು ನೋಡಿ, ನಾನು ಹೇಳುತ್ತಿರುವುದು ಅರ್ಥವಾಗುತ್ತದೆ.

ಹಾಗಾದರೆ ಒಳ್ಳೆಯ ಗಾಡಿ ಹೇಗಿರಬೇಕು? ಅಂಟಿಲ್ಲದೆ, ಜಾರುಗಂಡಿಯಲ್ಲಿ ಕೂರುವ ಫೋಮ್ ಹಲಗೆ. ತಗಡೂ ರಿವೆಟ್ಟೂ ಒಂದೇ ಲೋಹದ ಕುಟುಂಬದವು. ಅಂಟಿಸಿದ ಚೀಟಿಯ ಬದಲು ಲೋಹದ ಮೇಲೇ ಒತ್ತಿದ ಗುರುತು. ಎಲ್ಲಕ್ಕಿಂತ ಮುಖ್ಯವಾಗಿ, ಒಂದೇ ಸ್ಕ್ರೂ ಡ್ರೈವರ್‌ನಿಂದ ಬಿಚ್ಚಿಕೊಳ್ಳುವ ಗಾಲಿ, ಬ್ರೇಕು. ವಿಮಾನ ನೇರವಾಗಿ ಹಾರುವಾಗಲೂ ಮೂತಿ ಎರಡು ಮೂರು ಡಿಗ್ರಿ ಮೇಲಕ್ಕೆತ್ತಿರುತ್ತದೆ, ಆದ್ದರಿಂದ ಬಿಟ್ಟ ಗಾಡಿ ಹಿಂದಕ್ಕೆ ಉರುಳುತ್ತದೆ. ಪರಿಚಾರಕಿ ನಿಮಗೆ ನೀರು ಬಗ್ಗಿಸುವ ಮೊದಲು ಕಾಲಿನಿಂದ ಕೆಂಪು ಪೆಡಲ್ ಒತ್ತುತ್ತಾರೆ, ಹೊರಡುವಾಗ ಹಸಿರು. ಮುಂದಿನ ಸಲ ಗಮನಿಸಿ, ಒಂದು ಪ್ರಯಾಣದಲ್ಲಿ ಎಷ್ಟು ಸಲ ಒತ್ತುತ್ತಾರೆಂದು. ನಾವು ಬಿಚ್ಚಿದ ಗಾಡಿಯಲ್ಲೂ ಸವೆದಿದ್ದುದು ಗಾಲಿ ಮತ್ತು ಬ್ರೇಕು ಮಾತ್ರ; ಪೆಟ್ಟಿಗೆ ಗಟ್ಟಿಮುಟ್ಟಾಗಿತ್ತು. ಗಾಲಿ ಬದಲಿಸಲಾಗದೆ ಗಾಡಿಯನ್ನೇ ಗುಜರಿಗೆ ಕಳಿಸುವುದು, ಚಪ್ಪಲಿ ಕಿತ್ತುಹೋಯಿತೆಂದು ಕಾಲು ಕತ್ತರಿಸಿದಂತೆ.

ಅಡಿಕೆ ಹಾಳೆಗೆ ವಿಮಾನದಲ್ಲಿ ಜಾಗವೇ ಇಲ್ಲವೇ? ಇದೆ, ಗಾಡಿಯ ಒಳಗೆ. 2019ರಲ್ಲಿ ಲಂಡನ್ನಿನ ಡಿಸೈನ್ ಮ್ಯೂಸಿಯಂನಲ್ಲಿ ಪ್ರೀಸ್ಟ್‌ಮನ್‌ಗೂಡ್ ಎಂಬ ವಿನ್ಯಾಸ ಸಂಸ್ಥೆ ಕಾಫಿ ಚರಟದ ಟ್ರೇ, ಬಾಳೆ ಎಲೆಯ ಮುಚ್ಚಳ, ಭತ್ತದ ಹೊಟ್ಟಿನ ಲೋಟಗಳನ್ನು ಪ್ರದರ್ಶನಕ್ಕಿಟ್ಟಿತ್ತು. ಒಮ್ಮೆ ಬಳಸಿ ಬಿಡುವ ವಸ್ತುವಿಗೆ ಕರಗುವ ಗುಣ ಸರಿಯಾಗಿಯೇ ಹೊಂದುತ್ತದೆ.

ಆದರೆ ಇಲ್ಲಿ ಯಾರೂ ಕೇಳದ ಒಂದು ಪ್ರಶ್ನೆ ಇದೆ: ಉಂಡ ಮೇಲೆ ಆ ತಟ್ಟೆ ಎಲ್ಲಿಗೆ ಹೋಗುತ್ತದೆ? ಯುರೋಪಿನ ಒಕ್ಕೂಟಕ್ಕೆ ಹೊರಗಿನಿಂದ ಬಂದ ವಿಮಾನದ ಊಟದ ಕಸ ಅಲ್ಲಿಯ ಕಾನೂನಿನ ಪ್ರಕಾರ ಅತಿ ಅಪಾಯದ ವರ್ಗಕ್ಕೆ ಸೇರುತ್ತದೆ. ಅದನ್ನು ಸುಡಬೇಕು, ಇಲ್ಲವೇ ಅಧಿಕೃತ ಜಾಗದಲ್ಲಿ ಹೂಳಬೇಕು; ಗೊಬ್ಬರದ ಗುಂಡಿಗೆ ಹಾಕುವಂತಿಲ್ಲ. ಕಾರಣ ನಮ್ಮ ರೈತರಿಗೆ ಚೆನ್ನಾಗಿ ಗೊತ್ತಿರುವುದೇ, ಕಾಲುಬಾಯಿ ರೋಗದಂಥ ಜಾನುವಾರು ಪಿಡುಗು. 2001ರಲ್ಲಿ ಬ್ರಿಟನ್ನಿನಲ್ಲಿ ಆ ರೋಗ ಹಬ್ಬಿದಾಗ ಅರವತ್ತು ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಬೇಕಾಯಿತು. ಸರಿಯಾಗಿ ಬೇಯಿಸದ ಎಂಜಲನ್ನು ಹಂದಿಗಳಿಗೆ ಹಾಕಿದ್ದರಿಂದ ಅದು ಶುರುವಾಯಿತೆಂದು ತನಿಖೆ ಹೇಳಿತು. ಹಾಗಾಗಿ ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಹೋದ ಹಾಳೆ ತಟ್ಟೆ, ಅದೆಷ್ಟೇ ಮಣ್ಣಿನ ಮಗಳಾಗಿದ್ದರೂ, ಅಲ್ಲಿ ಮಣ್ಣು ಸೇರಿ ಗೊಬ್ಬರವಾಗುವಂತಿಲ್ಲ. ದೇಶದೊಳಗಿನ ಹಾರಾಟಕ್ಕೆ ಈ ಅಡ್ಡಿ ಇಲ್ಲ. ಅಲ್ಲಿ ಹಾಳೆ ಗೊಬ್ಬರವಾಗಬಹುದು, ಆದರೆ ಪ್ಲಾಸ್ಟಿಕ್ ಲೋಟದ ಜೊತೆ ಒಂದೇ ಚೀಲಕ್ಕೆ ಬೀಳಬಾರದು, ಅಷ್ಟೇ.

ಅದಕ್ಕೆಂದೇ ಈ ವರ್ಷದ ವಿದ್ಯಾರ್ಥಿಗಳು ಗಾಡಿಯೊಳಗೆ ಎರಡು ಕಸದ ಚೀಲ ಬೇರೆಬೇರೆಯಾಗಿ ತೂಗುವ ಚೌಕಟ್ಟು ಮಾಡಿದ್ದಾರೆ. ಅಂಟಿಲ್ಲ, ಉಕ್ಕಿಲ್ಲ, ಮಡಿಚಿದರೆ ಟ್ರೇ ಇಡುವ ಒಂದು ಅರೆಯಷ್ಟೇ ಜಾಗ. ನೋಡಿ ಬಹಳ ಸಂತೋಷವಾಯಿತು. ತೂಕಕ್ಕಿಟ್ಟರೆ 1,400 ಗ್ರಾಂ ಬಂತು. 900ಕ್ಕೆ ಇಳಿಸಿಕೊಂಡು ಬನ್ನಿ ಎಂದು ಹೇಳಿ ಕಳಿಸಿದ್ದೇನೆ.