ಎಣ್ಣೆ ನೀರಿನ ಲೆಕ್ಕ ತಪ್ಪುವುದು ಬಾಟಲಿಯಲ್ಲಿ

ಒಂದು ಮಿಲಿಮೀಟರ್ ಅಗಲದ ಡೀಸೆಲ್ ಹನಿಯನ್ನು ತೆಗೆದುಕೊಳ್ಳಿ. ಅದರ ತೂಕ ಅರ್ಧ ಮಿಲಿಗ್ರಾಂ ಕೂಡ ಇಲ್ಲ. ಆದರೆ ಅದು ಪೂರ್ತಿ ಉರಿಯಲು ತನ್ನ ತೂಕದ ಸುಮಾರು 3.4 ಪಟ್ಟು ಆಮ್ಲಜನಕ ಬೇಕು. ಕಾರ್ಖಾನೆಯ ಕೊಳೆ ನೀರನ್ನು ಪರೀಕ್ಷಿಸುವ ಪುಟ್ಟ ಗಾಜಿನ ಕೊಳವೆಗೆ ಹಾಕುವುದು ಬರೀ 2 ಮಿಲಿಲೀಟರ್ ನೀರು. ಆ ಹನಿ ಅದರೊಳಗೆ ಬಿದ್ದರೆ ಸಿಒಡಿ, ಅಂದರೆ ನೀರಿನ ಕೊಳೆಯನ್ನು ರಾಸಾಯನಿಕವಾಗಿ ಉರಿಸಲು ಬೇಕಾದ ಆಮ್ಲಜನಕ, ಲೀಟರಿಗೆ 700 ಮಿಲಿಗ್ರಾಂಗಿಂತ ಜಾಸ್ತಿ ಏರುತ್ತದೆ. ಬೀಳದಿದ್ದರೆ ಏನೂ ಏರುವುದಿಲ್ಲ. ನಮ್ಮ ದೇಶದಲ್ಲಿ ಕೆರೆ, ನದಿಗೆ ಬಿಡುವ ನೀರಿಗೆ ಇರುವ ಸಾಮಾನ್ಯ ಮಿತಿಯೇ 250!

ಸಿಒಡಿ ಪರೀಕ್ಷೆಯಲ್ಲಿ ನೀರಿಗೆ ಪೊಟ್ಯಾಸಿಯಂ ಡೈಕ್ರೋಮೇಟ್ ಮತ್ತು ಸಲ್ಫ್ಯೂರಿಕ್ ಆಮ್ಲ ಸೇರಿಸಿ, 150 ಡಿಗ್ರಿ ಸೆಲ್ಸಿಯಸ್‌ನಲ್ಲಿ 2 ಗಂಟೆ ಕಾಯಿಸುತ್ತಾರೆ. ಕಿತ್ತಳೆ ಬಣ್ಣದ ಡೈಕ್ರೋಮೇಟ್ ಸಾವಯವ ಕೊಳೆಯ ಜೊತೆ ವರ್ತಿಸಿ ಹಸಿರಾಗುತ್ತದೆ. ಅದು ಎಷ್ಟು ಖರ್ಚಾಯಿತು ಎಂಬುದರಿಂದ ಕೊಳೆಯ ಲೆಕ್ಕ ಸಿಗುತ್ತದೆ. ಬೆಂಜೀನ್‌ನಂಥ ಕೆಲವು ರಾಸಾಯನಿಕಗಳು ಮಾತ್ರ ಇದಕ್ಕೂ ಪೂರ್ತಿ ಬಗ್ಗುವುದಿಲ್ಲ. ಕೊಳೆ ತಿನ್ನಲು ಬ್ಯಾಕ್ಟೀರಿಯಾಗಳಿಗೆ ಎಷ್ಟು ಆಮ್ಲಜನಕ ಬೇಕು ಎಂದು ನೋಡುವ ಬಿಒಡಿ ಪರೀಕ್ಷೆಗೆ ನಮ್ಮಲ್ಲಿ 27 ಡಿಗ್ರಿಯಲ್ಲಿ 3 ದಿನ ಕಾಯಬೇಕು. ಖನಿಜ ತೈಲವನ್ನು ಅವು ನಿಧಾನವಾಗಿ ತಿನ್ನುವುದರಿಂದ ಅಷ್ಟರಲ್ಲಿ ಬಹುಪಾಲು ಹಾಗೇ ಉಳಿದಿರುತ್ತದೆ.

ಸಕ್ಕರೆ ಕಾರ್ಖಾನೆಯ ನೀರಿನಲ್ಲಿ ಹನಿ ಕೊಳವೆಗೆ ಬಿತ್ತೋ ಇಲ್ಲವೋ ಎಂಬ ತಲೆನೋವು ಇಷ್ಟಿಲ್ಲ. ಸಕ್ಕರೆ ಕರಗಿರುತ್ತದೆ, ಎಲ್ಲಿಂದ ತೆಗೆದರೂ ಹೆಚ್ಚುಕಮ್ಮಿ ಒಂದೇ. ಎಣ್ಣೆ ಹಾಗಲ್ಲ. ಮೇಲೆ ತೇಲುತ್ತದೆ, ಬಾಟಲಿಗೆ ಅಂಟುತ್ತದೆ, ಡಿಟರ್ಜೆಂಟ್ ಸೇರಿದರೆ ಹಾಲಿನಂತೆ ಬೆಳ್ಳಗೆ ಬೆರೆತುಬಿಡುತ್ತದೆ. ನೀರಿನಲ್ಲಿರುವ ಒಟ್ಟು ಸಾವಯವ ಇಂಗಾಲ ಅಳೆಯುವ ಟಿಒಸಿ ಯಂತ್ರ ಕೆಲವೇ ನಿಮಿಷಗಳಲ್ಲಿ ಮಾದರಿಯನ್ನು ಸುಟ್ಟು, ಹೊರಬಂದ ಕಾರ್ಬನ್ ಡೈಆಕ್ಸೈಡ್ ಅಳೆಯುತ್ತದೆ. ಅಲ್ಲೂ ಎಣ್ಣೆ ಸಣ್ಣ ನಳಿಗೆಯ ಗೋಡೆಗೆ ಹಿಡಿದುಕೊಂಡು ಮುಂದಿನ ಮಾದರಿಯ ಲೆಕ್ಕ ಕೆಡಿಸಬಹುದು.

ಎಣ್ಣೆ ಮತ್ತು ಗ್ರೀಸ್ ಅಳೆಯಲೆಂದೇ ಬೇರೆ ಪರೀಕ್ಷೆ ಇದೆ. ನೀರಿಗೆ ಆಮ್ಲ ಹಾಕಿ, ಎಣ್ಣೆಯನ್ನು ಕರಗಿಸಿಕೊಳ್ಳುವ ಹೆಕ್ಸೇನ್ ಎಂಬ ದ್ರಾವಕ ಸೇರಿಸಿ ಕುಲುಕುತ್ತಾರೆ. ಎಣ್ಣೆ ಹೆಕ್ಸೇನಿಗೆ ಬರುತ್ತದೆ. ಹೆಕ್ಸೇನನ್ನು ಆವಿ ಮಾಡಿ ಉಳಿದದ್ದನ್ನು ತೂಗುತ್ತಾರೆ. ಮೊದಲು ಇದಕ್ಕೆ ಓಝೋನ್ ಪದರವನ್ನು ಹಾಳುಮಾಡುವ ಸಿಎಫ್‌ಸಿ-113 ಎಂಬ ದ್ರಾವಕ ಬಳಸುತ್ತಿದ್ದರು. ಓಝೋನ್ ಪದರ ಉಳಿಸಲು 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದದ ನಂತರ ಅದನ್ನು ಬಿಡಬೇಕಾಯಿತು. ದ್ರಾವಕ ಬದಲಾದರೆ ಉತ್ತರವೂ ಸ್ವಲ್ಪ ಬದಲಾಗುತ್ತದೆ. ಏಕೆಂದರೆ ಇಲ್ಲಿ ಎಣ್ಣೆ ಎಂದರೆ ಆ ದ್ರಾವಕ ಎಳೆದುಕೊಂಡದ್ದು, ಆವಿಯಾಗದೆ ಉಳಿದದ್ದು, ಅಷ್ಟೇ. ಪೆಟ್ರೋಲಿನ ಹಗುರ ಭಾಗಗಳು ಹೆಕ್ಸೇನ್ ಜೊತೆಗೇ ಹಾರಿಹೋಗುತ್ತವೆ.

ಈ ಪರೀಕ್ಷೆಯಲ್ಲಿ ನನಗೆ ಬಹಳ ಹಿಡಿಸುವುದು ಬಾಟಲಿಯ ನಿಯಮಗಳು. ಅದು ಗಾಜಿನದೇ ಆಗಬೇಕು. ಮೊದಲು ಅದೇ ನೀರಿನಿಂದ ತೊಳೆಯಬಾರದು, ತೊಳೆದರೆ ಎಣ್ಣೆ ಗೋಡೆಗೆ ಅಂಟಿ ಲೆಕ್ಕ ಏರುತ್ತದೆ. ಲ್ಯಾಬಿನಲ್ಲಿ ಅರ್ಧ ಸುರಿದುಕೊಳ್ಳುವಂತಿಲ್ಲ, ಪೂರ್ತಿ ಬಾಟಲಿ ಬಳಸಬೇಕು. ಖಾಲಿಯಾದ ಬಾಟಲಿಯನ್ನೂ ಹೆಕ್ಸೇನಿನಿಂದ ತೊಳೆದು ಅದೇ ಲೆಕ್ಕಕ್ಕೆ ಸೇರಿಸಬೇಕು. ಇಷ್ಟು ಎಚ್ಚರ ಬೇಕಿರುವಾಗ ವರದಿಯಲ್ಲಿ ಸುಮ್ನೆ ಒಂದು ಸಂಖ್ಯೆ ಬರೆದರೆ ಸಾಲದು, ಅಲ್ವಾ? ಬಾಟಲಿಯನ್ನು ಎಲ್ಲಿ, ಎಷ್ಟು ಆಳದಲ್ಲಿ ಅದ್ದಿದರು, ಮೇಲಿನ ಎಣ್ಣೆ ಪದರ ಅದರೊಳಗೆ ಬಂತೋ ಇಲ್ಲವೋ ಎಂಬುದನ್ನೂ ಪಕ್ಕದಲ್ಲೇ ಬರೆಯಬೇಕು.