ಝೇಲಂ ನೀರಿಗೆ ಶ್ರೀನಗರದಲ್ಲಿ ಜಾಗ ಎಲ್ಲಿ?

ಎರಡು ದಿನ ಬಿಡದೆ ಮಳೆ ಹಿಡಿದರೆ ಸಾಕು, ಶ್ರೀನಗರದಲ್ಲಿ ಒಂದೇ ಪ್ರಶ್ನೆ: ‘ಸಂಗಂನಲ್ಲಿ ಎಷ್ಟು ಅಡಿ?’ ಸಂಗಂ ಇರುವುದು ಊರಿಗಿಂತ ಮೇಲೆ, ದಕ್ಷಿಣಕ್ಕೆ. ಝೇಲಂ ನದಿಯ ನೀರನ್ನು ಅಲ್ಲಿ ಅಳೆಯುತ್ತಾರೆ. ಅಲ್ಲಿ ಏರಿದ್ದು ಆಮೇಲೆ ಊರಿಗೆ ಬಂದೇ ಬರುತ್ತದೆ.

ಕಾಶ್ಮೀರ ಕಣಿವೆ ಉದ್ದನೆಯ ಬೋಗುಣಿ ಇದ್ದ ಹಾಗೆ. ಶ್ರೀನಗರ ಅದರ ತಳದಲ್ಲಿದೆ, ಸಮುದ್ರಮಟ್ಟದಿಂದ ಸುಮಾರು 1,585 ಮೀಟರ್ ಎತ್ತರದಲ್ಲಿ. ಮುಂಗಾರನ್ನು ಪೀರ್ ಪಂಜಾಲ್ ಬೆಟ್ಟಸಾಲು ಬಹುಪಾಲು ತಡೆಯುತ್ತದೆ. ಮಳೆ, ಹಿಮ ಜಾಸ್ತಿ ಬೀಳುವುದು ಚಳಿಗಾಲದಿಂದ ವಸಂತದವರೆಗೆ, ಮೆಡಿಟರೇನಿಯನ್ ಕಡೆಯಿಂದ ಬರುವ ಮೋಡಗಳಿಂದ. ಡಿಸೆಂಬರ್ 21ರಿಂದ 40 ದಿನ ‘ಚಿಲ್ಲಾಯ್ ಕಲಾನ್’, ಅಂದರೆ ಕೊರೆಯುವ ಚಳಿ. ಆಗ ಬಿದ್ದ ಹಿಮ ಕರಗಿ ಹೊಳೆ ತುಂಬುತ್ತದೆ. ಬೋಗುಣಿಗೆ ತೂತು ಒಂದೇ, ಬಾರಾಮುಲ್ಲಾ. ಝೇಲಂ ಕಣಿವೆಯಿಂದ ಹೊರಗೆ ಹೋಗುವುದು ಅಲ್ಲಿಂದಲೇ.

9ನೇ ಶತಮಾನದಲ್ಲಿ ಅಲ್ಲಿ ಕಲ್ಲು ಕಟ್ಟಿಕೊಂಡು ನೀರು ನಿಂತಾಗ, ಸುಯ್ಯ ಎಂಬುವನು ಹೊಳೆಗೆ ದುಡ್ಡು ಎಸೆದನಂತೆ. ಬರಗಾಲದಲ್ಲಿದ್ದ ಜನ ದುಡ್ಡು ಹುಡುಕುತ್ತಾ ಕಲ್ಲೆಲ್ಲ ಎತ್ತಿಹಾಕಿದರು. ‘ರಾಜತರಂಗಿಣಿ’ ಬರೆದ ಕಲ್ಹಣ ಹೇಳುವ ಕಥೆ ಇದು. ಜಾಣತನ ಅಲ್ವಾ!

ಸಾವಿರ ವರ್ಷ ಹಾರಿ ಬಂದರೆ 1903ರ ದೊಡ್ಡ ನೆರೆ. ಅದಾದ ಮೇಲೆ, ನದಿ ಊರೊಳಗೆ ಬರುವ ಮುಂಚೆ ಸಿಗುವ ಪಾದಶಾಹಿ ಬಾಗ್‌ನಿಂದ ಊರ ಪಕ್ಕಕ್ಕೆ ಒಂದು ಕಾಲುವೆ ತೋಡಿದರು. ಹೆಚ್ಚಾದ ನೀರು ಅದರಲ್ಲಿ ಹರಿದು ಪಶ್ಚಿಮದ ಜೌಗಿನತ್ತ ಹೋಗಬೇಕು, ಇದು ಲೆಕ್ಕ.

ಆಮೇಲಿನದು ನಿಧಾನವಾಗಿ ಆದ ಬದಲಾವಣೆ. ಹಳೇ ಪೇಟೆಯ ನಡುವೆ ನಲ್ಲಾ ಮಾರ್ ಎಂಬ ಕಾಲುವೆಯಿತ್ತು, ದೋಣಿಗಳು ಓಡಾಡುತ್ತಿದ್ದವು. 1970ರ ದಶಕದಲ್ಲಿ ಅದನ್ನು ಮುಚ್ಚಿ ರಸ್ತೆ ಮಾಡಿದರು. ಊರಿಗೆ ರಸ್ತೆ ಬೇಕಿತ್ತು, ಸರಿ. ಮನೆಯೂ ಬೇಕಿತ್ತು. ಬೆಮಿನಾದಂಥ ತಗ್ಗಿನಲ್ಲಿ ಬಡಾವಣೆಗಳು ಎದ್ದವು. ಕಾಶ್ಮೀರಿಯಲ್ಲಿ ‘ನಂಬಲ್’ ಅಂದರೆ ಜೌಗು. ಎಷ್ಟೋ ಜಾಗಗಳ ಹೆಸರಲ್ಲಿ ಆ ಪದ ಇನ್ನೂ ಇದೆ, ಜೌಗು ಮಾತ್ರ ಇಲ್ಲ.

2014ರ ಸೆಪ್ಟೆಂಬರ್‌ನಲ್ಲಿ ದಿನಗಟ್ಟಲೆ ಮಳೆ ಸುರಿಯಿತು. ರಾಜಬಾಗ್, ಜವಾಹರ್ ನಗರದಲ್ಲಿ ನೆಲ ಅಂತಸ್ತು ಮುಳುಗಿ, ಜನ ಮಹಡಿಗೆ ಹತ್ತಿದರು. ಪ್ರವಾಸಿಗರನ್ನು ದಾಲ್ ಸರೋವರ ಸುತ್ತಿಸುವ ಶಿಕಾರ ದೋಣಿಗಳೇ ಬೀದಿಗೆ ಬಂದು, ಕಿಟಕಿಯಿಂದ ಮಕ್ಕಳು ಮುದುಕರನ್ನು ಇಳಿಸಿಕೊಂಡವು. ಹಳೇ ಪೇಟೆಯ ಬಹುಭಾಗಕ್ಕೆ ನೀರು ಬರಲಿಲ್ಲ. ಹಿಂದಿನವರು ದಿಬ್ಬ ನೋಡಿ ಮನೆ ಕಟ್ಟಿದ್ದರು.

ಅದಾದ ಮೇಲೆ ನದಿಯ ಹೂಳೆತ್ತಲು ಟೆಂಡರ್ ಕರೆದರು. ಯಂತ್ರಗಳು ಬಂದು ನಿಂತ ಜಾಗಗಳಲ್ಲಿ ಒಂದು, ಅದೇ ಬಾರಾಮುಲ್ಲಾ.